ಎಲ್ಲರಿಗೂ ಒಂದೇ ಸಲ

ಜೂನ್ 3, ಮಂಗಳವಾರ. ಬೆಳಿಗ್ಗೆ

ಮತ್ತೆ ಪಾಸ್‌ವರ್ಡ್ ತಪ್ಪು ಅನ್ನುತ್ತಿದೆ. ತಪ್ಪಲ್ಲ. ಕ್ಯಾಲೆಂಡರ್ ಹಿಂದೆ ಬರೆದಿಟ್ಟಿದ್ದೇನೆ, ನೋಡಿಕೊಂಡೇ ಒತ್ತಿದೆ. ಒಂದೇ ಬೆರಳು, ಒಂದೊಂದೇ ಅಕ್ಷರ. ನನ್ನ ಹೆಂಡತಿ ಗೌರಮ್ಮ ಕಾಫಿ ತಂದಿಟ್ಟು, "ಅದನ್ಯಾಕೆ ಬೈತೀರಾ, ಅದುಕ್ಕೇನು ಕಿವಿ ಐತಾ?" ಅಂದಳು. ನಿನಗೆ ಇದೆಯಲ್ಲ, ನೀನೇ ಕೇಳಿಸಿಕೋ ಅಂದೆ. ಕಾಫಿ ಎತ್ತಿಕೊಂಡು ಒಳಗೆ ಹೋದಳು.

ಕೊನೆಗೆ ತೆರೆಯಿತು. ನಮ್ಮ ವಂಶದ ಬ್ಲಾಗ್ ಇಟ್ಟುಕೊಂಡಿದ್ದ ಹಳೇ ಕಂಪನಿಯವನು ಅಂಗಡಿ ಮುಚ್ಚುತ್ತಾನಂತೆ, ಬೇರೆ ಕಡೆ ಎತ್ತಿಕೊಂಡು ಹೋಗಿ ಅಂತ ನೋಟಿಸ್. ವೇದಾ ಹೊಸ ಜಾಗ ಹುಡುಕಿ ಭಾನುವಾರ ಎಲ್ಲ ಸಾಗಿಸಿದಳು. ನನ್ನ ತಮ್ಮನ ಮಗಳು, ಹೆಬ್ಬಾಳದಲ್ಲಿ ಆಫೀಸು. ಬ್ಲಾಗ್ ಕಟ್ಟಿಕೊಟ್ಟವಳೂ ಅವಳೇ. ನಾನು ಓದಿದ್ದು ಐದನೇ ಕ್ಲಾಸು, ನಡೆಸುವವನು ನಾನು.

ಫೋಟೋ ಎಲ್ಲ ಬಂದಿವೆ. ಕೆರೆ, ಮನೆದೇವರು, ಯಾರದೋ ಮಗು ಪಾಸಾದದ್ದು. ನೋಡುವವರು ನೋಡಲಿ. ಅದಕ್ಕೆಲ್ಲ ಮೇಲ್ ಹೋಗುವುದಿಲ್ಲ. ಮೇಲ್ ಹೋಗುವುದು ಒಂದೇ ಒಂದಕ್ಕೆ — ದಾಯಾದಿಗಳಲ್ಲಿ ಯಾರಾದರೂ ತೀರಿಕೊಂಡರೆ.

ಅದೊಂದು ನೋಡಬೇಕು.

ಜೂನ್ 4

ವೇದಾ ಫೋನ್.

"ದೊಡ್ಡಪ್ಪ, ಎಲ್ಲರಿಗೂ ಒಂದ್ ಟೆಸ್ಟ್ ಮೇಲ್ ಕಳಿಸ್ಬಿಡೋಣ. ಹೋಗುತ್ತಾ ಇಲ್ವಾ ಗೊತ್ತಾಗುತ್ತೆ."

"ತಲೆ ಕೆಟ್ಟೈತಾ? ನಮ್ ಬ್ಲಾಗ್ ಹೆಸರು ಫೋನಲ್ಲಿ ಕಂಡ್ರೆ ಜನ ಓದಾಕ್ ಮುಂಚೆ ಸೂತಕ ಅಂತ ಬಚ್ಚಲಿಗೆ ಓಯ್ತಾರೆ."

"ಟೆಸ್ಟ್ ಅಂತ ಬರೆಯೋಣ."

"ಸಾವಿಗೆ ಟೆಸ್ಟ್ ಅಂತ ಇರ್ತದೇನೆ?"

"ನನ್ನೊಬ್ಬಳಿಗಾದ್ರೂ ಕಳಿಸಿ. ಆಫೀಸ್ ಐಡಿ ಅಲ್ಲ, ನನ್ನ ಸ್ವಂತ ಐಡಿಗೆ."

"ನಯನಾಗೆ ಮದ್ವೆ ಗೊತ್ತಾಗಿರೋ ಮನೆ ನಿಂದು. ಆ ಮೇಲು ನಿನ್ ಮಗಳಿರೋ ಮನೆಗೆ ಬರಾದ್ ಬ್ಯಾಡ."

ಉಸಿರು ಬಿಟ್ಟ ಸದ್ದು ಕೇಳಿಸಿತು. "ಸರಿ, ನಿಮಗೇ ಕಳಿಸ್ಕೊಳಿ ಹಾಗಾದ್ರೆ."

ಕಳಿಸಿಕೊಂಡೆ. ಹೆಸರಿನ ಜಾಗ ಖಾಲಿ ಬಿಟ್ಟರೆ ಅದು ಒಪ್ಪುವುದಿಲ್ಲ. ಬದುಕಿರುವವರ ಹೆಸರು ಹಾಕುವ ಹಾಗಿಲ್ಲ. ಬೋರ್‌ವೆಲ್ ಅಂತ ಹಾಕಿದೆ. "ಬೋರ್‌ವೆಲ್ ತೀರಿಕೊಂಡರು. ಮಣ್ಣು ಸಂಜೆ ನಾಲ್ಕಕ್ಕೆ." ಹಿತ್ತಿಲದು ಸತ್ತು ಎಷ್ಟೋ ವರ್ಷವಾಯಿತು, ಸುಳ್ಳೇನಲ್ಲ.

ಟಿಂಗ್ ಅಂತು. ಬಂತು. ಮುಗಿಯಿತಲ್ಲ.

ಜೂನ್ 6, ಶುಕ್ರವಾರ

ಬಾಗಲೂರಿಗೆ ಹೋಗಿದ್ದೆ. ಆವಲಪ್ಪಣ್ಣ ಮೆತ್ತಗಾಗಿದ್ದಾನೆ. ದೊಡ್ಡಪ್ಪನ ಮಗ, ನಮ್ಮೆಲ್ಲರಿಗೂ ಹಿರಿಯ. ಗಂಜಿ ಕೂಡ ಒಳಗೆ ಇಳಿಯುತ್ತಿಲ್ಲ. ಮಗ ಶರತ್ ಚಮಚದಲ್ಲಿ ನೀರು ಬಿಡುತ್ತಾನೆ.

ನನ್ನ ಕೈ ಹಿಡಿದುಕೊಂಡ. "ಲಕ್ಕ, ಎಲ್ಡೂ ಮನೇವ್ರ ಇಡಿಮಣ್ಣು ಬೀಳ್ಬೇಕು ಕಣೋ ನನ್ ಮ್ಯಾಲೆ. ಬುಟ್ರೆ ನಿನ್ನ ಬುಡಾಕಿಲ್ಲ."

ಎರಡು ಮನೆ ಅಂದರೆ ನಮ್ಮ ದಾಯಾದಿಗಳಲ್ಲೇ ದಿಣ್ಣೆಮನೆ, ಕೆರೆಮನೆ. ಬೇಲಿ ಜಗಳ ಶುರುವಾದಾಗ ನನ್ನ ತಲೆ ಕಪ್ಪಗಿತ್ತು. ದಿಣ್ಣೆಮನೆಯ ಮುನಿಕೆಂಪಣ್ಣ ಅಪಾರ್ಟ್‌ಮೆಂಟ್ ಕಟ್ಟಿಸುತ್ತಾನೆ. ಕೆರೆಮನೆಯ ನಾಗಭೂಷಣ ಬಾಗಲಗುಂಟೆಯಲ್ಲಿದ್ದಾನೆ, ಸೊಪ್ಪಿನ ಟೆಂಪೋ ಇಟ್ಟುಕೊಂಡು. ಒಬ್ಬರ ಮನೆ ನೀರು ಇನ್ನೊಬ್ಬರು ಮುಟ್ಟುವುದಿಲ್ಲ. ವಾಟ್ಸಾಪ್ ಗುಂಪು ಇತ್ತು, ಜಗಳದಲ್ಲಿ ಎರಡಾಯಿತು. ಎರಡರಿಂದಲೂ ನಾನೇ ಎದ್ದು ಬಂದೆ.

ಪುಟ್ಟಲಕ್ಷ್ಮಿ ಚಿಕ್ಕಮ್ಮ ಹೋದಾಗ ಫೋನು ದಿಣ್ಣೆಮನೆಗೆ ಮೊದಲು ಹೋಯಿತು, ಕೆರೆಮನೆಗೆ ಆಮೇಲೆ. ಕೆರೆಮನೆಯವರು ಬಂದರು. ರಸ್ತೆಯಲ್ಲೇ ನಿಂತರು. "ನಮಗೆ ಕೊನೆಗೆ ಹೇಳಿದ್ರಲ್ಲ" ಅಂದರು. ಒಳಗೆ ಕಾಲಿಡದೆ ತಿರುಗಿ ಹೋದರು. ಆವತ್ತು ಆವಲಪ್ಪಣ್ಣ ಕಟ್ಟಲೆ ಮಾಡಿದ. ಸಾವಾದ ಮನೆಯವರು ಲಕ್ಕನಿಗೆ ಹೇಳಬೇಕು. ಲಕ್ಕ ಎಲ್ಲರಿಗೂ ಒಂದೇ ಸಲ ಮೇಲ್ ಹಾಕಬೇಕು. ಬೇರೆ ಯಾರೂ ಫೋನ್ ಮಾಡುವ ಹಾಗಿಲ್ಲ. ಮೊದಲು ಯಾರು, ಆಮೇಲೆ ಯಾರು ಅನ್ನುವ ಮಾತೇ ಇಲ್ಲ.

ಅಲ್ಲಿಂದ ಈಚೆಗೆ ಹೋದವರಿಗೆಲ್ಲ ಎರಡೂ ಮನೆಯವರು ಬಂದಿದ್ದಾರೆ. ಮಾತಾಡುವುದಿಲ್ಲ. ಆದರೆ ಬರುತ್ತಾರೆ.

"ಬೀಳ್ತದೆ ಕಣಣ್ಣ, ಸುಮ್ಕಿರು" ಅಂದೆ.

ಜೂನ್ 12, ಗುರುವಾರ. ಬೆಳಿಗ್ಗೆ

ಶರತ್ ಫೋನು. "ಚಿಕ್ಕಪ್ಪ, ಅಪ್ಪ ಹೋದ್ರು."

ಕನ್ನಡಕ ಸಿಗಲಿಲ್ಲ, ಹಣೆ ಮೇಲೇ ಇತ್ತು. ಹೆಸರು, ಮಣ್ಣು ಮಧ್ಯಾಹ್ನ ಎರಡಕ್ಕೆ, ಬಾಗಲೂರು ತೋಟದಲ್ಲಿ. ಒತ್ತಿದೆ. "ಕಳಿಸಲಾಗಿದೆ" ಅಂತ ಬಂತು.

ಹೊರಟೆ.

ಜೂನ್ 13

ನಿನ್ನೆಯದು ಬರೆಯಬೇಕು. ಬರೆಯಲು ಮನಸ್ಸಿಲ್ಲ.

ದಿಣ್ಣೆಮನೆಯವರು ಒಬ್ಬರೂ ಬಿಡದೆ ಬಂದರು. ಕೆರೆಮನೆಯವರು ಒಬ್ಬರೂ ಇಲ್ಲ. ಎರಡಾಯಿತು. ಮೂರಾಯಿತು. ಗುಂಡಿ ತೋಡಿದವರು ಮರದಡಿ ಕೂತು ಬೀಡಿ ಹಚ್ಚಿದರು. ನಾನು ಗೇಟಿನ ಹತ್ತಿರ ಹೋಗುವುದು, ಬರುವುದು.

ಶರತ್ ಹತ್ತಿರ ಬಂದ. "ಚಿಕ್ಕಪ್ಪ, ನಾಗಭೂಷಣ ಚಿಕ್ಕಪ್ಪಂಗೆ ಒಂದ್ ಫೋನ್ ಮಾಡ್ಲಾ?"

"ಮುಟ್ಟಬ್ಯಾಡ ಫೋನು! ನಿಮ್ಮಪ್ಪ ಮಾಡಿದ ಕಟ್ಟಲೆ. ಮೇಲ್ ಓಗೈತೆ. ಬತ್ತಾರೆ."

ಮುನಿಕೆಂಪಣ್ಣ ಬಂದು ಪಕ್ಕದಲ್ಲಿ ನಿಂತ. "ಬರಾಕಿಲ್ಲ ಬುಡಣ್ಣ. ಅವ್ರಿಗೆ ಸಾವಿಗಿಂತ ಬೇಲಿನೇ ದೊಡ್ದು."

"ಬಾಯ್ ಮುಚ್ಕೊಂಡ್ ನಿಂತ್ಕೊ" ಅಂದೆ.

ವೇದಾನೂ ಅಂದಳು, ಒಂದು ಫೋನ್ ಅಷ್ಟೇ ದೊಡ್ಡಪ್ಪ ಅಂತ. ಅವಳಿಗೂ ಕೂಗಿದೆ. ಹೆಣದ ಮುಂದೆ ಕೂಗಬಾರದಿತ್ತು.

ಹೊತ್ತು ಇಳಿಯಿತು. ಹಿರಿಯ ಹೆಂಗಸರು, ಇನ್ನೂ ಎಷ್ಟು ಹೊತ್ತು ಹಾಗೇ ಮಲಗಿಸುತ್ತೀರಿ ಅಂದರು. ಇಳಿಸಿದರು. ಒಬ್ಬೊಬ್ಬರೇ ಹಿಡಿಮಣ್ಣು ಹಾಕಿದರು. ನಾನೂ ಹಾಕಿದೆ. ಇನ್ನೊಂದು ಹಿಡಿ ತೆಗೆದುಕೊಂಡೆ, ಕೈ ಅಲ್ಲೇ ನಿಂತಿತು. ಬೇರೆಯವರ ಪಾಲಿನ ಮಣ್ಣು ಹಾಕಲು ಬರುವುದಿಲ್ಲ. ಪಕ್ಕಕ್ಕೆ ಉದುರಿಸಿದೆ.

ಜೂನ್ 14, ಶನಿವಾರ

ಹಾಲು ತುಪ್ಪ ಬಿಟ್ಟು ಬಂದು ಕೂತಿದ್ದೆ. ನಾಗಭೂಷಣನ ಫೋನು. ಹಲೋ ಇಲ್ಲ, ಅಣ್ಣ ಇಲ್ಲ.

"ನಮ್ಮಣ್ಣ ಸತ್ತಿದ್ ನಾನು ಫ್ಲೆಕ್ಸ್ ನೋಡಿ ತಿಳ್ಕಬೇಕಾ?"

ಮುನಿಕೆಂಪಣ್ಣ ಹೆಸರಘಟ್ಟ ರಸ್ತೆಯಲ್ಲಿ ಫ್ಲೆಕ್ಸ್ ಹಾಕಿಸಿದ್ದಾನೆ. ಭಾವಪೂರ್ಣ ಶ್ರದ್ಧಾಂಜಲಿ. ಸತ್ತವನ ಫೋಟೋಗಿಂತ ಹಾಕಿಸಿದವನ ಫೋಟೋ ದೊಡ್ಡದು. ನಾಗಭೂಷಣ ಸೊಪ್ಪು ಇಳಿಸಿ ಬರುವಾಗ ಸಿಗ್ನಲ್‌ನಲ್ಲಿ ನೋಡಿದನಂತೆ.

"ಮೇಲ್ ಆಕಿದೀನಲ್ಲೋ" ಅಂದೆ.

"ಯಾರಿಗಾಕ್ದೆ? ನಮ್ ಮನೇಲಿ ಒಬ್ರಿಗೂ ಬಂದಿಲ್ಲ. ದಿಣ್ಣೆಮನೇಲಿ ಒಬ್ರಿಗೂ ತಪ್ಪಿಲ್ಲ. ಏನಣ್ಣಾ, ಕಂಪ್ಯೂಟ್ರು ದಿಣ್ಣೆಮನೆ ಕೆರೆಮನೆ ಅಂತ ನೋಡ್ತದಾ?"

ಬಾಯಿಗೆ ಬಂದದ್ದು ಅಂದೆ. ಅವನೂ ಅಂದ. ಇಟ್ಟುಬಿಟ್ಟ.

ಗೌರಮ್ಮ ಎಲ್ಲ ಕೇಳಿಸಿಕೊಂಡಳು.

ಜೂನ್ 15

ವೇದಾ ಬಂದು ಕೂತಳು. ಒಂದು ಪೆಟ್ಟಿಗೆ ತೆರೆದಳು, ಬ್ಲಾಗ್ ಹೆಸರಿನದೇ ಮೇಲ್ ಪೆಟ್ಟಿಗೆ, ನಾನು ನೋಡೇ ಇರಲಿಲ್ಲ. ಅದರೊಳಗೆ ಸಾಲಾಗಿ ವಾಪಸ್ ಬಂದ ಮೇಲ್‌ಗಳು. ನಾಗಭೂಷಣ. ಅವನ ತಮ್ಮ. ತಮ್ಮನ ಹೆಂಡತಿ. ಕೆರೆಮನೆಯವರು ಪೂರ್ತಿ. ಗುರುವಾರ ಬೆಳಿಗ್ಗೆಯೇ ವಾಪಸ್ ಬಂದಿವೆ. ನಾನು ಗೇಟಿನಲ್ಲಿ ದಾರಿ ಕಾಯುವಾಗ ಇವು ಇಲ್ಲಿ ಬಿದ್ದಿದ್ದವು.

"ಯಾಕಂತೆ?"

"ಕಳಿಸಿದವರು ಯಾರು ಅಂತ ಖಾತ್ರಿ ಇಲ್ವಂತೆ ದೊಡ್ಡಪ್ಪ."

ನನ್ನನ್ನು. ಯಾರು ಅಂತ ಗೊತ್ತಿಲ್ಲವಂತೆ.

ಅವಳು ಹೇಳಿದ್ದು ನನಗೆ ತಿಳಿದ ಹಾಗೆ — ಬ್ಲಾಗ್ ಹೆಸರಿಗೆ ಒಂದು ಚೀಟಿ ಇರುತ್ತದೆ. ಇಂಥ ಸರ್ವರ್‌ನಿಂದ ಬಂದರೆ ಮಾತ್ರ ನಮ್ಮ ಮೇಲ್ ಅಂತ. ಅದಕ್ಕೆ ಎಸ್‌ಪಿಎಫ್ ಅಂತ ಹೆಸರು. ನಮ್ಮ ಚೀಟಿಯಲ್ಲಿ ಇನ್ನೂ ಹಳೇ ಸರ್ವರ್ ಇದೆ. ಮನೆ ಬದಲಾಯಿಸಿದೆವು, ಚೀಟಿ ಬದಲಾಯಿಸಲಿಲ್ಲ. ಕೆರೆಮನೆಯವರದೆಲ್ಲ ಫೋನ್ ಜೊತೆ ಸಿಗುವ ಪುಕ್ಕಟೆ ಮೇಲ್. ಅವು ಚೀಟಿ ನೋಡಿ, ಇದು ಕಳ್ಳಮೇಲ್ ಅಂತ ಬಾಗಿಲಿಂದಲೇ ತಳ್ಳಿವೆ. ದಿಣ್ಣೆಮನೆಯವರದೆಲ್ಲ ಮುನಿಕೆಂಪಣ್ಣನ ಕಂಪನಿ ಹೆಸರಿನ ಮೇಲ್. ಅದು ಚೀಟಿಗೀಟಿ ನೋಡುವುದಿಲ್ಲ, ಬಂದವರನ್ನೆಲ್ಲ ಒಳಗೆ ಬಿಡುತ್ತದೆ. ಪಟ್ಟಿಯಲ್ಲಿದ್ದ ವೇದಾಳ ಆಫೀಸ್ ಮೇಲೂ ಹಾಗೇ.

"ಮತ್ತೆ ಬೋರ್‌ವೆಲ್ ಬಂತಲ್ಲೇ!"

"ನಿಮ್ಮ ಐಡಿನೂ ಅದೇ ಸರ್ವರ್‌ನಲ್ಲಿದೆ, ಅದು ಒಳಗೇ ಸುತ್ತಿ ಬಂದಿದ್ದು. ಮನೆ ಒಳಗೆ ನಿಂತ್ಕೊಂಡು ಮನೆಯವರನ್ನೇ ಕೂಗಿದ ಹಾಗೆ. ಹೊರಗಡೆ ಕೇಳ್ಸುತ್ತಾ ಅಂತ ಗೊತ್ತಾಗಲ್ಲ." ಆಮೇಲೆ ಮೆಲ್ಲಗೆ ಸೇರಿಸಿದಳು, "ಆವತ್ತು ನನ್ನ ಐಡಿಗೆ ಕಳಿಸಿದ್ದಿದ್ರೆ ಗೊತ್ತಾಗ್ತಿತ್ತು."

ವಾಪಸ್ ಬಂದವನ್ನು ಮತ್ತೆ ಮೊದಲಿಂದ ಒಂದೊಂದೇ ಎಣಿಸಿದೆ.

ಜೂನ್ 16

ಹೊಸ ಕಂಪನಿಗೆ ಫೋನ್ ಮಾಡಿದೆ. ಹಾಡು ಕೇಳಿಸಿದರು. ಕೊನೆಗೆ ಸ್ಮಿತಾ ಅಂತ ಒಬ್ಬಾಕೆ, ಕನ್ನಡದವಳೇ.

"ಸರ್, ಯಾವ ಥರದ ಮೇಲ್ ಕಳಿಸ್ತೀರಾ? ಮಾರ್ಕೆಟಿಂಗಾ?"

"ಸಾವು."

ಆ ಕಡೆ ಏನೋ ಟೈಪ್ ಮಾಡಿದ ಸದ್ದು. "ತಿಂಗಳಿಗೆ ಎಷ್ಟು ಕಳಿಸ್ತೀರಾ ಸರ್?"

"ಅದು ನನ್ ಕೈಲಿಲ್ಲಮ್ಮ."

ಸರ್ವರ್ ಕಡೆಯಿಂದ ಎಲ್ಲ ಸರಿ ಇದೆಯಂತೆ. ಚೀಟಿ ಇರುವುದು ಡೊಮೈನ್ ಹತ್ತಿರ, ಅಂದರೆ ಬ್ಲಾಗ್ ಹೆಸರು ಕೊಂಡ ಕಡೆ, ಅಲ್ಲಿಗೆ ನೀವೇ ಹೋಗಿ ತಿದ್ದಬೇಕು ಸರ್ ಅಂದಳು. ಪಾಪ, ಅವಳದೇನೂ ತಪ್ಪಿಲ್ಲ. ಆದರೂ ಕೂಗಿದೆ.

ಡೊಮೈನ್ ತೆರೆದರೆ ಓಟಿಪಿ ಕೇಳುತ್ತದೆ. ಯಾವ ನಂಬರಿಗೆ? ಕೊನೆಯ ಎರಡು ಅಂಕಿ ನೋಡಿ ಗೊತ್ತಾಯಿತು. ಆವಲಪ್ಪಣ್ಣನದು. ಆವತ್ತು ವೇದಾ ಯಾರ ಹೆಸರಲ್ಲಿ ಮಾಡಿಸಲಿ ಅಂದಾಗ, ಹಿರಿಯ ಇರುವಾಗ ನನ್ನ ಹೆಸರು ಯಾಕೆ ಅಂದವನು ನಾನೇ.

ಜೂನ್ 17, ಮಂಗಳವಾರ

ಬಾಗಲೂರು. ನಡುಮನೆಯಲ್ಲಿ ಅಣ್ಣನ ಫೋಟೋ, ದೀಪ, ಚೊಂಬಿನಲ್ಲಿ ನೀರು. ಪಕ್ಕದಲ್ಲಿ ಅವನ ಕನ್ನಡಕ, ಎಲೆಅಡಿಕೆ ಚೀಲ, ಫೋನು. ಫೋನು ಆರಿಹೋಗಿತ್ತು.

ತಿಥಿ ಮುಗಿಯುವವರೆಗೆ ಅವರ ಸಾಮಾನು ಮುಟ್ಟುವ ಹಾಗಿಲ್ಲ ಅಂದಳು ಅತ್ತಿಗೆ. ಕೆರೆಮನೆಯವರಿಗಾಗಿ ಅತ್ತಿಗೆ, ಅಂದೆ. ತಿಥಿಗಾದರೂ ಬರಲಿ ಅಂತ. ಸೆರಗಿನಲ್ಲಿ ಕಣ್ಣೊರೆಸಿಕೊಂಡು ಶರತ್‌ಗೆ ಸನ್ನೆ ಮಾಡಿದಳು. ಅಲ್ಲೇ, ಎತ್ತದೆ, ಚಾರ್ಜರ್ ಹಾಕಿದೆವು. ವೇದಾ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಒತ್ತಿದಳು.

ದೀಪದ ಪಕ್ಕ ಅಣ್ಣನ ಫೋನು ಬೆಳಗಿತು. ಕೂಗಿತು.

ಶರತ್ ಬಗ್ಗಿ ಓದಿ ಹೇಳಿದ. ವೇದಾ ಚೀಟಿ ತಿದ್ದಿದಳು. ಇನ್ನೊಂದು ಉಂಟಂತೆ, ಡಿಕಿಮ್ ಅಂತ, ಮೇಲ್‌ಗೆ ನಮ್ಮ ಮುದ್ರೆ ಒತ್ತಿದ ಹಾಗೆ. ಅದನ್ನೂ ಹಾಕಿದಳು. ಇದು ಎಲ್ಲ ಕಡೆ ಹರಡುವುದಕ್ಕೆ ಹೊತ್ತು ಬೇಕಂತೆ.

ಜೂನ್ 19

ಕೆಲಸ ಮಾಡುತ್ತಿದೆ. ವೇದಾ ತನ್ನ ಪುಕ್ಕಟೆ ಐಡಿಗೆ ಕಳಿಸಿ ನೋಡಿದಳು. ಬೋರ್‌ವೆಲ್ ಮತ್ತೆ ಸತ್ತಿತು. ಈ ಸಲ ಅವಳಿಗೂ ತಲುಪಿತು. ಈಗ ನಾನು ಬೇಡ ಅನ್ನಲಿಲ್ಲ.

ಸಂಜೆ ಬಾಗಲಗುಂಟೆಗೆ ಹೋದೆ. ವಾಪಸ್ ಬಂದ ಮೇಲ್‌ಗಳನ್ನೆಲ್ಲ ಪ್ರಿಂಟ್ ತೆಗೆಸಿಕೊಂಡು. ನಾಗಭೂಷಣ ಟೆಂಪೋ ತೊಳೆಯುತ್ತಿದ್ದ. ಪೈಪು ನಿಲ್ಲಿಸಲಿಲ್ಲ.

"ನೋಡೋ. ಗುರುವಾರ ಬೆಳಿಗ್ಗೆ. ನಿನ್ ಹೆಸ್ರು. ಕಳಿಸಿದೀನಿ, ವಾಪಸ್ ಬಂದೈತೆ."

ಓದಿದ. ಇಂಗ್ಲಿಷಿನಲ್ಲಿತ್ತು. "ಇದ್ನ ಯಾರ್ ಬೇಕಾದ್ರೂ ಟೈಪ್ ಮಾಡ್ಬೋದು ಬುಡಣ್ಣ."

"ನಾನ್ ಸುಳ್ ಏಳ್ತೀನೇನೋ?"

"ಮೇಲ್ ಬರ್ಲಿಲ್ಲ, ಆಯ್ತು. ಒಪ್ಕಂಡೆ. ಮಣ್ಣಿಗೆ ಅಷ್ಟೊತ್ತು ಕಾದ್ರಂತಲ್ಲ, ಒಂದ್ ಫೋನ್ ಮಾಡಾಕೆ ಕೈ ಬಿದ್ದೋಗಿತ್ತಾ ನಿಂಗೆ?"

ಕಟ್ಟಲೆ ಅಂದೆ.

"ಕಟ್ಟಲೆ!" ನೀರು ನನ್ನ ಚಪ್ಪಲಿ ಮೇಲೆ ಬಿತ್ತು. ಬೇಕೆಂದೇ ಬಿಟ್ಟನೋ, ಬಿತ್ತೋ. "ಕಾಟಾಚಾರಕ್ ಕಾದೆ ನೀನು. ಅಣ್ಣನ ಮುಖ ನೋಡ್ಲಿಲ್ಲ ನಾನು. ಎತ್ಕೊಂಡ್ ತಿರುಗಿದ್ದ ನನ್ನ, ಸಣ್ಣೋನಿದ್ದಾಗ. ನೀನು ತಂದ್ಕೊಡ್ತೀಯಾ ಆ ಮುಖಾನ?"

ಪ್ರಿಂಟು ಅಲ್ಲೇ ಟೆಂಪೋ ಮೇಲಿಟ್ಟು ಬಂದೆ. ಒದ್ದೆಯಾಗಿರಬೇಕು.

ಜೂನ್ 22, ಭಾನುವಾರ

ತಿಥಿ. ಕೆರೆಮನೆಯವರಿಗೆ ಒಂದು ಸಾಲು ಎಲೆ ಹಾಕಿಸಿದ್ದೆ. ಯಾರೂ ಬರಲಿಲ್ಲ. ಬಡಿಸುವವರು ಆ ಸಾಲು ದಾಟಿಕೊಂಡು ಓಡಾಡಿದರು. ಮುನಿಕೆಂಪಣ್ಣ ಹಲ್ಲಿಗೆ ಕಡ್ಡಿ ಹಾಕಿಕೊಂಡು ಅಂದ, "ಇನ್ಮೇಲೆ ಅವ್ರ ಮನೇಲಿ ಯಾರ್ ಸತ್ರೂ ನಮ್ಗೂ ಮೇಲ್ ಬಂದಿರಾಕಿಲ್ಲ ಬುಡಿ." ನಾಲ್ಕು ಜನ ನಕ್ಕರು.

ಅದೇ ಆಗುತ್ತದೆ. ಇನ್ನು ಯಾರು ಸತ್ತರೂ, ಬರದಿರುವವರು ಮೇಲ್ ಬರಲಿಲ್ಲ ಅನ್ನುತ್ತಾರೆ. ಬಂದಿತ್ತು ಅಂತ ನಾನು ಹೇಗೆ ತೋರಿಸಲಿ? ಅಣ್ಣನ ಕಟ್ಟಲೆ ಅಣ್ಣನ ಜೊತೆಗೇ ಮಣ್ಣಾಯಿತು. ನನ್ನ ಕೈಯಿಂದಲೇ.

ಜೂನ್ 26

ನಾಲ್ಕು ದಿನ ಏನೂ ಬರೆದಿಲ್ಲ. ಬರೆಯುವುದಕ್ಕೆ ಏನಿದೆ.

ಕೆರೆಮನೆಯವರಿಗೆ ಫೋನ್ ಮಾಡಿದೆ, ಒಬ್ಬೊಬ್ಬರಿಗೇ. ಈಗ ಸರಿಯಾಗಿದೆ, ಒಂದು ಸುಮ್ಮನೆ ಮೇಲ್ ಕಳಿಸುತ್ತೇನೆ, ಬಂತೋ ಇಲ್ಲವೋ ಅಷ್ಟು ಹೇಳಿ ಅಂತ. ನಾಗಭೂಷಣನ ತಮ್ಮ, ನಮ್ಮನೆಗೆ ಸಾವಿನ ಮೇಲು ಸುಮ್ಮನೆ ಬೇರೆ ಕಳಿಸುತ್ತೀಯಾ ಅಂದ. ನಾನೇ ವೇದಾಗೆ ಅಂದಿದ್ದ ಮಾತು. ಉಳಿದವರು ಫೋನೇ ಎತ್ತಲಿಲ್ಲ.

ವೇದಾ ಹೇಳಿದಳು, "ಲಾಗ್ ಅಂತ ಹಾಕಿದೀನಿ ದೊಡ್ಡಪ್ಪ. ಇನ್ಮೇಲೆ ಯಾರಿಗೆ ತಲುಪಿತು ಅಂತ ಒಂದೊಂದು ಹೆಸರಿನ ಮುಂದೆ ಹಸಿರು ಗುರುತು ಬರುತ್ತೆ. ವಾಪಸ್ ಬಂದ್ರೆ ಕೆಂಪು."

ಹಸಿರು ಬಂದ ಮಾತ್ರಕ್ಕೆ ಓದುತ್ತಾರಾ? ಓದಿದ ಮಾತ್ರಕ್ಕೆ ಬರುತ್ತಾರಾ? ಅದಕ್ಕೆ ಯಾವ ಬಣ್ಣ?

ಜೂನ್ 28, ಶನಿವಾರ. ಮಧ್ಯಾಹ್ನ

ಹೆಸರಿನ ಜಾಗದಲ್ಲಿ ಬೋರ್‌ವೆಲ್ ಹಾಕಲಿಲ್ಲ. ಬದುಕಿರುವವರ ಹೆಸರು ಹಾಕುವ ಹಾಗಿಲ್ಲ. ಆದರೆ ನನ್ನ ಹೆಸರು ನನ್ನದು.

"ಅಬ್ಬಿಗೆರೆ ಲಕ್ಕಣ್ಣ ತೀರಿಕೊಂಡರು. ಮಣ್ಣು ಸಂಜೆ ಐದಕ್ಕೆ, ಮನೆ ಹತ್ತಿರ ಸೇರುವುದು."

ಕೆರೆಮನೆಯವರಿಗೆ ಮಾತ್ರ ಕಳಿಸೋಣ ಅನ್ನಿಸಿತು. ಬೆರಳು ನಿಂತಿತು. ಒಬ್ಬರಿಗೆ ಹೋಗಿ ಇನ್ನೊಬ್ಬರಿಗೆ ಹೋಗದೆ ಇದ್ದರೆ ಮತ್ತೆ ಅದೇ. ಎಲ್ಲರಿಗೂ ಒಂದೇ ಸಲ ಒತ್ತಿದೆ.

ಫೋನು ಆರಿಸಿಟ್ಟೆ. ಸತ್ತವನು ಫೋನ್ ಎತ್ತುವುದಿಲ್ಲ.

ಲಾಗ್ ನೋಡುತ್ತಾ ಕೂತೆ. ಹಸಿರು. ಹಸಿರು. ನಾಗಭೂಷಣ — ಹಸಿರು. ಒಂದೂ ಕೆಂಪಿಲ್ಲ. ಇಷ್ಟು ದಿನ ಮೇಲ್ ಮೇಲೆ ತಪ್ಪು ಹಾಕಬಹುದಿತ್ತು.

ಅದೇ ದಿನ, ನಾಲ್ಕು ದಾಟಿದೆ

ಗೌರಮ್ಮನ ಫೋನಿಗೆ ವೇದಾ. ಈಕೆ ಎತ್ತಿದಳು. ಆ ಕಡೆ ಅಳು ನನಗೇ ಕೇಳಿಸುತ್ತಿತ್ತು. ಈಕೆ ನನ್ನನ್ನು ನೋಡಿದಳು, ನನ್ನ ತೊಡೆ ಮೇಲಿನ ಲ್ಯಾಪ್‌ಟಾಪ್ ನೋಡಿದಳು.

"ನಿನ್ ದೊಡ್ಡಪ್ಪ ಇಲ್ಲೇ ಅವ್ರೆ ಕಣವ್ವ. ಕಡ್ಲೆಪುರಿ ತಿಂತಾ ಕುಂತವ್ರೆ."

ಆಮೇಲೆ ನನಗೆ ಬಿತ್ತು. "ನನ್ ತಾಳಿ ಕೇಳಿ ಒತ್ತಿದ್ರಾ ಅದ್ನ? ಬಾಯಲ್ಲಿ ಏಳಕ್ಕೆ ಬರ್ದಿದ್ದನ್ನ ಬೆರಳಲ್ಲಿ ಏಳ್ತೀರಾ? ಬರೋರ ಮುಂದೆ ಏನಂತ ನಿಂತ್ಕತೀರಾ?"

ಗೊತ್ತಿಲ್ಲ ಅಂದೆ. ನಿಜವಾಗಿಯೂ ಗೊತ್ತಿಲ್ಲ. ಒತ್ತುವವರೆಗೆ ಮಾತ್ರ ಯೋಚನೆ ಮಾಡಿದ್ದೆ.

ಒಳಗೆ ಹೋಗಿ ಒಲೆ ಹಚ್ಚಿದಳು. ಸತ್ತ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಬೇಕೆಂದೇ ಹಚ್ಚಿದ್ದಾಳೆ, ದೊಡ್ಡ ಪಾತ್ರೆ ಇಟ್ಟಿದ್ದಾಳೆ. ಸಾಸಿವೆ ಸಿಡಿಯುವುದು ರಸ್ತೆಗೆ ಕೇಳಿಸಬೇಕು.

ಐದು

ಕಿಟಕಿಯಲ್ಲಿ ಕೂತಿದ್ದೇನೆ. ಪರದೆ ಅರ್ಧ ಎಳೆದಿದೆ.

ಚಿಕ್ಕಬಾಣಾವರ ಕಡೆಯಿಂದ ಮುನಿಕೆಂಪಣ್ಣನ ಕಾರು, ಹಿಂದೆ ಇನ್ನೆರಡು. ಬಿಳಿ ಅಂಗಿ, ಕೈಯಲ್ಲಿ ಹಾರ. ಗೇಟಿನ ಎಡಕ್ಕೆ ನಿಂತರು.

ಬಾಗಲಗುಂಟೆ ಕಡೆಯಿಂದ ಟೆಂಪೋ, ಗೇಟಿನ ಬಲಕ್ಕೆ ನಿಂತಿತು. ಸೊಪ್ಪಿನ ಟೆಂಪೋನೇ. ಹಿಂದೆ ಹೆಂಗಸರು, ಮಕ್ಕಳು, ಕೆರೆಮನೆ ಪೂರ್ತಿ. ನಾಗಭೂಷಣ ಇಳಿದ. ಬರಿಗಾಲು. ಕಣ್ಣೊರೆಸಿಕೊಳ್ಳುತ್ತಿದ್ದಾನೆ.

ಬಂತು. ಮೇಲ್ ಬಂತು.

ಒಳಗೆ ಬರುತ್ತಿಲ್ಲ. ಕಾರುಗಳನ್ನು ನೋಡುತ್ತಿದ್ದಾನೆ. ಮುನಿಕೆಂಪಣ್ಣ ಟೆಂಪೋ ನೋಡುತ್ತಿದ್ದಾನೆ. ಇಬ್ಬರೂ ಫೋನ್ ತೆಗೆದರು. ಬಂದ ಹೊತ್ತು ನೋಡಿಕೊಳ್ಳುತ್ತಿರಬೇಕು. ಗೇಟು ಯಾರೂ ಮುಟ್ಟಿಲ್ಲ.

ಗೌರಮ್ಮ ಅಡುಗೆಮನೆಯಿಂದ, ಎದ್ದು ಹೋಗಿ ಅಂದಳು. ಹೋಗಬೇಕು. ಬದುಕಿದ್ದೇನೆ ಅಂತ ಹೇಳಬೇಕು. ಎಡಕ್ಕೆ ಅವರು, ಬಲಕ್ಕೆ ಇವರು. ಬಾಗಿಲು ತೆಗೆದ ತಕ್ಷಣ ಮುಖ ಒಂದು ಕಡೆಗೆ ತಿರುಗಲೇಬೇಕಲ್ಲ. ಮೊದಲು ಯಾರ ಕಡೆಗೆ?